ಕ್ಯಾಷಿಯರ್ ಸಾಹೇಬರ ಮೂವತ್ತಾರು

ನೀರು ಸರಬರಾಜು ಕಚೇರಿಯ ಕ್ಯಾಷಿಯರ್ ಸಾಹೇಬರನ್ನು ಅವರ ಐವತ್ತನೇ ವಯಸ್ಸಿನವರೆಗೆ ಯಾರೂ ಹೊಗಳಿರಲಿಲ್ಲ. ಬೈದೂ ಇರಲಿಲ್ಲ. ಬಿಲ್ಲು ಕಟ್ಟಲು ಬರುವವರು ಗಾಜಿನ ಕಿಂಡಿಯಲ್ಲಿ ಅವರ ಬೆರಳುಗಳನ್ನಷ್ಟೇ ನೋಡುತ್ತಿದ್ದರು. ಚಿಲ್ಲರೆ ಸರಿಯಾಗಿದ್ದರೆ ಹೊರಟುಹೋಗುತ್ತಿದ್ದರು. ಬೀದಿಯಲ್ಲಿ ಎದುರಾದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಅವರ ಜೊತೆ ಮುಖವೂ ಇರುತ್ತಿತ್ತು.

ಅವರನ್ನು ಸದಾ ನೆನಪಿಟ್ಟುಕೊಂಡಿದ್ದವರು ಒಬ್ಬರೇ, ಅಕ್ಕನ ಗಂಡ. ಮನೆ ಕಟ್ಟಿಸುವ ಕಂಟ್ರಾಕ್ಟರ್. ಯಾವ ಸಮಾರಂಭದಲ್ಲಿ ಸಿಕ್ಕಿದರೂ ಭಾವ ನಾಲ್ಕು ಜನರ ಮುಂದೆ ಬೆನ್ನಿಗೊಂದು ಬಾರಿಸಿ, “ಏನಯ್ಯಾ, ಇನ್ನೂ ಅದೇ ಕಿಂಡಿಯಲ್ಲೇ ಇದ್ದೀಯಾ? ಆಚೆ ಬಾರಯ್ಯಾ, ಗಾಳಿ ಬೆಳಕು ನೋಡು” ಎನ್ನುತ್ತಿದ್ದರು. ನಾಲ್ಕು ಜನ ನಗುತ್ತಿದ್ದರು. ಕ್ಯಾಷಿಯರ್ ಸಾಹೇಬರೂ ಮರ್ಯಾದೆಗೆ ನಗುತ್ತಿದ್ದರು.

ಗಾಳಿ ಬೆಳಕು ನೋಡಬೇಕು ಅಂತ ಅವರಿಗೂ ಅನ್ನಿಸಿರಬೇಕು. ಊರಾಚೆಯ ಕ್ಲಬ್ಬೊಂದು ಹಳೆಯ ಗಾಲ್ಫ್ ಕೋಲುಗಳನ್ನು ಅಗ್ಗಕ್ಕೆ ಮಾರುತ್ತಿದೆ ಅಂತ ತಿಳಿದು, ಒಂದು ಕಟ್ಟು ಕೊಂಡು ತಂದೇಬಿಟ್ಟರು. ತಂದಮೇಲೆ ನಾಚಿಕೆಯಾಯಿತು. ನೀರಿನ ಬಿಲ್ಲು ಇಸಿದುಕೊಳ್ಳುವವನು ಸಾಹುಕಾರರ ಆಟ ಆಡುತ್ತಾನಂತೆ ಅಂತ ಬೀದಿಯವರು ಆಡಿಕೊಂಡರೆ? ಅದಕ್ಕೇ ಕೋಲುಗಳಿಗೆ ಕಪ್ಪು ಬಟ್ಟೆಯ ಚೀಲ ಹೊಲಿಸಿದರು. ಬೆಳಿಗ್ಗೆ ಬೇಗ ಎದ್ದು ತಾರಸಿಯ ಮೇಲೆ ಕಾಗದದ ಉಂಡೆ ಹೊಡೆದು ಅಭ್ಯಾಸ ಮಾಡಿದರು. ಭಾನುವಾರ ಚೀಲ ಹೊತ್ತು ಬಸ್ಸು ಹಿಡಿದು ಕ್ಲಬ್ಬಿನ ಅಭ್ಯಾಸದ ಮೈದಾನಕ್ಕೆ ಹೋಗಿ ಬಂದರು. ಮಾತಾಡಲು ಜನ ಬೇಕಲ್ಲ, ಮೊಬೈಲಿನಲ್ಲಿ ಕಲಿಯುವ ಆಟಗಾರರದೊಂದು ಗುಂಪು ಸೇರಿದರು. ಅಲ್ಲಿ ಯಾರೂ ನಿಜವಾದ ಹೆಸರಿಟ್ಟುಕೊಂಡಿರಲಿಲ್ಲ. ಒಬ್ಬರು ‘ಹದ್ದು’, ಇನ್ನೊಬ್ಬರು ‘ಮರಳುಗುಂಡಿ’. ನಮ್ಮ ಸಾಹೇಬರು ತಮಗೆ ‘ನೇರ ಹೊಡೆತ’ ಅಂತ ಹೆಸರಿಟ್ಟುಕೊಂಡರು. ಅವರ ಒಂದು ಹೊಡೆತವೂ ನೇರ ಹೋಗಿದ್ದಿಲ್ಲ. ಆದರೆ ಹೆಸರಿಗೆ ಪರೀಕ್ಷೆ ಇರಲಿಲ್ಲವಲ್ಲ.

ಎರಡು ವರ್ಷ ಹೀಗೆ ಹೆಣಗಿದ ಮೇಲೆ ಕ್ಲಬ್ಬಿನವರು ಅವರಿಗೆ ಅಧಿಕೃತವಾಗಿ ಹ್ಯಾಂಡಿಕ್ಯಾಪ್ ಕೊಟ್ಟರು. ಗಾಲ್ಫಿನಲ್ಲಿ ಹಾಗಂದರೆ ಆಟಗಾರನಿಗೆ ಸಿಗುವ ರಿಯಾಯಿತಿ. ಪಳಗಿದವರಿಗಿಂತ ಇಷ್ಟು ಹೊಡೆತ ಹೆಚ್ಚು ತಗೊಂಡರೂ ಕ್ಷಮೆ ಇದೆ ಅನ್ನುವ ಸಂಖ್ಯೆ. ಆಟ ಕೆಟ್ಟದಾದಷ್ಟೂ ಸಂಖ್ಯೆ ದೊಡ್ಡದು. ನಮ್ಮ ಸಾಹೇಬರದು ದೊಡ್ಡದೇ ಇತ್ತು. ಆದರೂ ಅವರ ಖುಷಿಗೆ ಪಾರವಿರಲಿಲ್ಲ. ತಾರಸಿಯ ಮೇಲೆ ನಿಂತು, ಕೆಳಗೆ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದರು:

“ಲೇ, ನನಗೆ ಹ್ಯಾಂಡಿಕ್ಯಾಪ್ ಅಂತ ಆಯ್ತು ಕಣೇ! ಮೂವತ್ತಾರು! ಸರ್ಟಿಫಿಕೇಟೂ ಕೊಟ್ಟಿದಾರೆ! ಮುಂದಿನ ತಿಂಗಳು ಚಾರಿಟಿ ಇಟ್ಕೊಂಡಿದಾರೆ, ಗೆಳೆಯರೆಲ್ಲ ಸೇರ್ತಾರೆ. ನಡೆಯೋಕಾಗದವರಿಗೆ ಬಸ್ಸು ಕೊಡಿಸ್ತಾರಂತೆ!”

ಹೆಂಡತಿ “ಹೂಂ” ಎಂದರು. ಗಂಡ ಏನು ಹೇಳಿದರೂ ಅವರು ಹೇಳುತ್ತಿದ್ದುದು ಅದೊಂದೇ. ಆದರೆ ಎದುರುಮನೆಯ ನಿವೃತ್ತ ಟೀಚರಮ್ಮ ಬಟ್ಟೆ ಒಣಗಿಸುತ್ತಿದ್ದವರು ಒದ್ದೆ ಟವೆಲು ಕೈಯಲ್ಲೇ ಹಿಡಿದು ಗೋಡೆಗೆ ಒರಗಿಬಿಟ್ಟರು.

ಟೀಚರಮ್ಮ ಗಾಳಿಸುದ್ದಿ ಹಬ್ಬಿಸುವವರಲ್ಲ. ವಿಚಾರಿಸಿ, ಖಚಿತಪಡಿಸಿಕೊಂಡು, ಆಮೇಲೆ ಹಬ್ಬಿಸುವವರು. ಮಧ್ಯಾಹ್ನವೇ ಬಂದು ಕ್ಯಾಷಿಯರ್ ಹೆಂಡತಿಯ ಕೈ ಹಿಡಿದುಕೊಂಡು ಕೂತರು.

“ಎಷ್ಟು ದಿನದಿಂದಮ್ಮಾ ಇದು?”

“ಎರಡು ವರ್ಷ ಆಯ್ತು ಟೀಚರಮ್ಮ. ಯಾರಿಗೂ ಹೇಳಬೇಡ ಅಂದಿದ್ರು. ನಿಮಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗುತ್ತೆ ಬಿಡು. ತುಂಬಾ ಕಷ್ಟಾನಾ?”

“ನಂಗೇ ಕಷ್ಟ. ನಿದ್ದೇಲೂ ಕೈ ಆಡಿಸ್ತಾರೆ. ಸೊಂಟದಿಂದ ಬರಬೇಕಂತೆ, ಇವರಿಗೆ ಬರೀ ಭುಜದಿಂದ ಬರುತ್ತಂತೆ.”

ಟೀಚರಮ್ಮ ಕಣ್ಣು ಮುಚ್ಚಿಕೊಂಡರು. “ಡಾಕ್ಟರು ಏನಂತಾರೆ?”

ಹೆಂಡತಿಗೆ ಗೊತ್ತಿದ್ದ ಡಾಕ್ಟರು ಒಬ್ಬರೇ: ಮೊಬೈಲ್ ಗುಂಪಿನ ‘ಮರಳುಗುಂಡಿ’, ಹಲ್ಲಿನ ಡಾಕ್ಟರು. “ಡಾಕ್ಟರೇ ಇವರಿಗೆ ಹುರಿದುಂಬಿಸೋದು. ಆಯಮ್ಮನಿಗೂ ಇದೇ ಇದೆ. ಅವರಿಗೆ ಇಪ್ಪತ್ತೆರಡಂತೆ.”

“ಡಾಕ್ಟರಿಗೇ! ಇಳಿಯುತ್ತಾ ಇದು?”

“ಚಿಕ್ಕಂದಿನಲ್ಲೇ ಹತ್ತಿದ್ರೆ ಇಳೀತಿತ್ತಂತೆ. ಈ ವಯಸ್ಸಲ್ಲಿ ಅಂಟಿಕೊಂಡಿದ್ದು ನೋಡಿ, ಜೀವನಪೂರ್ತಿ ಇದ್ದೇ ಇರುತ್ತೆ” ಎಂದು ಹೆಂಡತಿ ನಕ್ಕರು. ಆ ನಗು ನೋಡಿ ಟೀಚರಮ್ಮನಿಗೆ ತಡೆಯಲಾಗಲಿಲ್ಲ. ಎಂಥ ಗಟ್ಟಿಗಿತ್ತಿ!

ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು. ಕೆಳಗಿನ ಮನೆಯಲ್ಲಿದ್ದ ಮಾಲೀಕರು ಸಾಕ್ಷಿ ನುಡಿದರು: “ನಾನು ಕಣ್ಣಾರೆ ನೋಡಿದೀನಿ. ತಾರಸಿ ಮೇಲೆ ನಿಂತಿರ್ತಾರೆ. ಸೊಂಟ ಒಂದೇ ಸಮ ತಿರುಗುತ್ತೆ, ತಲೆ ಮಾತ್ರ ಅಲ್ಲಾಡಲ್ಲ. ಆ ಕಪ್ಪು ಚೀಲ ಹೊತ್ಕೊಂಡು ಹೋಗ್ತಾರಲ್ಲ ಭಾನುವಾರ, ಅದರೊಳಗೆ ಏನಿದೆ ಗೊತ್ತಾ? ಊರುಗೋಲು! ಒಂದಲ್ಲ, ಒಂದು ಕಟ್ಟು!”

ಪಾಪ, ಅಭಿಮಾನಿ ಮನುಷ್ಯ. ಯಾರೂ ಅವರೆದುರಿಗೆ ಬಾಯಿ ಬಿಡಬಾರದು, ಏನೂ ಗೊತ್ತಿಲ್ಲದ ಹಾಗೇ ಇರಬೇಕು ಅಂತ ಬೀದಿ ತೀರ್ಮಾನಿಸಿತು. ಆ ಬೀದಿ ಗುಟ್ಟು ಕಾಪಾಡಿದ್ದು ಅದೇ ಮೊದಲು, ಕಾಪಾಡಬಾರದಿದ್ದ ಗುಟ್ಟೂ ಅದೊಂದೇ.

ಮಾರನೆಯ ದಿನದಿಂದ ಕ್ಯಾಷಿಯರ್ ಸಾಹೇಬರ ಬದುಕೇ ಬದಲಾಯಿತು. ತರಕಾರಿ ಅಂಗಡಿಯಲ್ಲಿ ಜನ ಸರಿದು ದಾರಿ ಬಿಟ್ಟರು. ಬಸ್ಸಿನಲ್ಲಿ ಒಬ್ಬರ ಬದಲು ಮೂವರು ಎದ್ದು ಜಾಗ ಕೊಟ್ಟರು. ಮನೆ ಮಾಲೀಕರು, ಸೋರುವ ನಲ್ಲಿ ಸರಿಮಾಡಿಸಿ ಅಂದರೆ ಕಿವಿಗೇ ಹಾಕಿಕೊಳ್ಳದಿದ್ದವರು, ಮೆಟ್ಟಿಲ ಪಕ್ಕ ಉಕ್ಕಿನ ಕಂಬಿ ಹಾಕಿಸಿ, “ಹಿಡ್ಕೊಂಡು ಹತ್ತಿ ಸಾರ್, ಆತುರ ಏನಿಲ್ಲ” ಎಂದರು.

ಸಾಹೇಬರು ಹೆಂಡತಿಯನ್ನು ಕೇಳಿದರು. “ನೀನೇನಾದ್ರೂ ನನ್ನ ವಿಷಯ ಹೇಳಿದ್ಯಾ?”

“ಟೀಚರಮ್ಮ ಕೇಳಿದ್ರು, ಹೇಳಿದೆ.”

“ಅದಕ್ಕೇ!” ಎಂದರು ಸಾಹೇಬರು. ಅವರ ಎದೆ ಅಂಗಿಯ ಗುಂಡಿಗಳನ್ನು ಎಳೆಯಿತು. “ನಾನೇ ತಪ್ಪು ತಿಳ್ಕೊಂಡಿದ್ದೆ. ಆಡ್ಕೋತಾರೆ ಅಂದ್ಕೊಂಡಿದ್ದೆ. ಕ್ರೀಡಾಪಟು ಅಂದ್ರೆ ನಮ್ಮ ಜನಕ್ಕೆ ಎಂಥಾ ಗೌರವ ನೋಡು!”

ಚಾರಿಟಿಯ ಆಟ ಹತ್ತಿರ ಬಂದಾಗ ಕಚೇರಿಯಲ್ಲಿ ಮ್ಯಾನೇಜರ ಕೋಣೆಗೆ ಅಂಜುತ್ತಲೇ ಹೋದರು. “ಸಾರ್, ಶುಕ್ರವಾರದಿಂದ ರಜೆ ಬೇಕಿತ್ತು. ನನಗೆ ಈ ಹ್ಯಾಂಡಿಕ್ಯಾಪ್…”

ಮ್ಯಾನೇಜರು ಕೈ ಎತ್ತಿ ತಡೆದರು. ಅವರ ಹೆಂಡತಿ ಟೀಚರಮ್ಮನ ಹಳೆಯ ವಿದ್ಯಾರ್ಥಿನಿ. “ಹೇಳಬೇಡಿ. ಎಲ್ಲಾ ಗೊತ್ತು. ಎಷ್ಟು ದಿನ ಬೇಕೋ ತಗೊಳ್ಳಿ. ಹಾಗೇ ನಿಮ್ಮ ಕೌಂಟರನ್ನ ಮೊದಲನೇ ಮಹಡಿಯಿಂದ ಕೆಳಕ್ಕೆ ಹಾಕಿಸ್ತಿದೀನಿ.”

“ನನಗೋಸ್ಕರ ಇಷ್ಟೆಲ್ಲಾ ಯಾಕೆ ಸಾರ್? ಮನಸ್ಸು ಗಟ್ಟಿ ಇದ್ರೆ ಆಯ್ತು, ಮೈ ತಾನಾಗೇ ಕೇಳುತ್ತೆ.”

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನದ ಸಭೆಯಲ್ಲಿ ಆ ವಾಕ್ಯವನ್ನು ಇಡೀ ಕಚೇರಿಗೆ ಹೇಳಿದರು.

ಆದರೆ ಇವೆಲ್ಲಕ್ಕಿಂತ ದೊಡ್ಡದು ಭಾವನ ಫೋನು. ಭಾವ ಅಷ್ಟು ಮೆತ್ತಗೆ ಮಾತಾಡಬಲ್ಲರು ಅಂತ ಅವರ ಹೆಂಡತಿಗೂ ಗೊತ್ತಿರಲಿಲ್ಲ. “ನೋಡಯ್ಯಾ… ನಾನು ಏನೇನೋ ಅಂದಿದೀನಿ ನಿನಗೆ. ಮನಸ್ಸಲ್ಲಿ ಇಟ್ಕೋಬೇಡ. ನಿನ್ನಂಥ ಗಂಡೆದೆ ನಮ್ಮನೇಲಿ ಇನ್ನೊಬ್ಬರಿಗಿಲ್ಲ.”

ಆ ದಿನ ಕ್ಯಾಷಿಯರ್ ಸಾಹೇಬರು ತಾರಸಿಗೆ ಹೋಗಿ ಕಾಗದದ ಉಂಡೆಯನ್ನು ಎಷ್ಟು ಜೋರಾಗಿ ಹೊಡೆದರೆಂದರೆ ಅದು ಟೀಚರಮ್ಮನ ಬಟ್ಟೆಯ ಹಗ್ಗ ದಾಟಿ ಬಿತ್ತು. ಟೀಚರಮ್ಮ ಉಂಡೆ ಎತ್ತಿಕೊಂಡು ಬಂದು, ಎರಡೂ ಕೈಯಲ್ಲಿ ವಾಪಸ್ ಕೊಟ್ಟರು.

ಶುಕ್ರವಾರ ಸಂಜೆ ಕ್ಲಬ್ಬಿನ ಅತಿಥಿಗೃಹದಲ್ಲಿ ಮೊಬೈಲ್ ಗುಂಪಿನ ಗೆಳೆಯರ ಮೊದಲ ಭೇಟಿ. ಹದ್ದು ಅಂದರೆ ಆರಡಿ ಆಳು ಅಂದುಕೊಂಡಿದ್ದರು. ದಪ್ಪ ಕನ್ನಡಕದ, ಸಣ್ಣ ದನಿಯ ಬೇಕರಿಯವರೊಬ್ಬರು ಬಂದು, “ನಾನೇ ಹದ್ದು” ಎಂದು ಪಿಸುಗುಟ್ಟಿದರು. ಮರಳುಗುಂಡಿಯದು ತಲೆಯೆಲ್ಲಾ ಬೆಳ್ಳಗೆ, ಗಂಟಲು ಮಾತ್ರ ಮೈದಾನದ ಆ ತುದಿಗೆ ಕೇಳುವಂಥದ್ದು. ಮೂವರೂ ಸ್ವಲ್ಪ ಹೊತ್ತು ತಂತಮ್ಮ ಗುಂಪಿನ ಹೆಸರಿಗೆ ತಕ್ಕ ಹಾಗೆ ಕೂತಿದ್ದರು. ಕೊನೆಗೆ ಡಾಕ್ಟರಮ್ಮನೇ, “ನೋಡ್ರೀ, ನಾನು ಚೆಂಡನ್ನ ಮರಳುಗುಂಡಿಗೆ ಹಾಕೋದರಲ್ಲಿ ಎಕ್ಸ್‌ಪರ್ಟು, ಅದಕ್ಕೇ ಆ ಹೆಸರು. ನೀವು?” ಎಂದರು. ಹದ್ದು, “ನನಗೆ ಚೆಂಡು ಎಲ್ಲಿ ಬಿತ್ತು ಅಂತಾನೇ ಕಾಣಲ್ಲ” ಎಂದರು. ನೇರ ಹೊಡೆತದವರು ತಲೆ ಕೆರೆದುಕೊಂಡರು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಶನಿವಾರ ಆಟಗಾರರನ್ನೆಲ್ಲ ಬಸ್ಸು ಕೊಡಿಸಬೇಕಿದ್ದ ಶಾಲೆಗೆ ಕರೆದೊಯ್ದರು. ನಡೆಯಲಾಗದ ಮಕ್ಕಳ ಶಾಲೆ. ಅವರ ಬಸ್ಸು ಹಳೆಯದು, ಎತ್ತರದ ಮೆಟ್ಟಿಲು. ಒಂದೊಂದು ಮಗುವನ್ನೂ ಡ್ರೈವರು ಎತ್ತಿ ಕೂರಿಸಬೇಕು, ಇಳಿಸಬೇಕು. ಕುರ್ಚಿ ಸಮೇತ ಮೇಲಕ್ಕೆತ್ತುವ ಬಸ್ಸು ತರುವುದಕ್ಕೇ ಈ ಚಾರಿಟಿ. ಕ್ಯಾಷಿಯರ್ ಸಾಹೇಬರು ಹುರುಪಿನಲ್ಲಿ ಮುಂದೆ ಹೋಗಿ ಒಬ್ಬಳು ಹುಡುಗಿಯನ್ನು ತಾವೇ ಎತ್ತಿಕೊಂಡರು. ಎರಡನೇ ಮೆಟ್ಟಿಲಿಗೇ ಅವರ ಕೈ ನಡುಗಿತು.

“ನನ್ನ ಚಿಂತೆ ಬಿಡಿ ಅಂಕಲ್, ನಂಗೆ ಬಿದ್ದು ಅಭ್ಯಾಸ ಇದೆ” ಎಂದಳು ಹುಡುಗಿ. “ನಿಮ್ಮ ಸೊಂಟ ನೋಡ್ಕೊಳ್ಳಿ.”

ಬೀಳಿಸಲಿಲ್ಲ, ಸೀಟಿನಲ್ಲಿ ಜೋಪಾನವಾಗಿ ಕೂರಿಸಿದರು. ಆದರೆ ನೆಟ್ಟಗಾಗಲು ಹೋದಾಗ ಸೊಂಟ ‘ಕಳಕ್’ ಅಂತು. ಹುಡುಗಿ “ಹೇಳಿದ್ನಲ್ಲಾ” ಎಂಬಂತೆ ನೋಡಿದಳು.

ಆಟಗಾರರು ತಮ್ಮ ಕಡೆಯವರಿಂದ ಬಸ್ಸಿಗೆ ದೇಣಿಗೆ ತರಬೇಕಿತ್ತು. ಕ್ಯಾಷಿಯರ್ ಸಾಹೇಬರು ಇಪ್ಪತ್ತೈದು ವರ್ಷ ಜನರಿಂದ ದುಡ್ಡು ಇಸಿದುಕೊಂಡವರು, ಆದರೆ ಕಿಂಡಿಯಾಚೆ ಬಂದು ಕೇಳುವ ಧೈರ್ಯವಾಗಿರಲಿಲ್ಲ. ತಮ್ಮ ಕೈಯಿಂದಲೇ ಒಂದಿಷ್ಟು ಹಾಕಿ ಸುಮ್ಮನಾಗಿದ್ದರು. ಆ ಹುಡುಗಿಯನ್ನು ಎತ್ತಿದ ಮೇಲೆ ಅದು ಅವರಿಗೆ ತೀರಾ ಕಡಿಮೆ ಅನ್ನಿಸತೊಡಗಿತು.

ಭಾನುವಾರ ಬೆಳಿಗ್ಗೆ ಸೊಂಟ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತಾ ಸಾಹೇಬರು ಮೈದಾನಕ್ಕಿಳಿದರೆ, ಬೇಲಿಯ ಹತ್ತಿರ ವ್ಯಾನೊಂದು ಬಂದು ನಿಂತಿತು. ಅದರಿಂದ ಇಡೀ ಬೀದಿ ಇಳಿಯಿತು. ಟೀಚರಮ್ಮ, ಮನೆ ಮಾಲೀಕರು, ಮ್ಯಾನೇಜರು ಮತ್ತು ಹೆಂಡತಿ, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದ ಅಕ್ಕ, ಭಾವ. ಹೇಳದೆ ಕೇಳದೆ ಬಂದು ಹುಮ್ಮಸ್ಸು ತುಂಬಬೇಕು ಅಂತ ಅವರೇ ಮಾತಾಡಿಕೊಂಡಿದ್ದರು. ಕ್ಯಾಷಿಯರ್ ಹೆಂಡತಿಯನ್ನು ‘ನೀನೂ ಬಾ’ ಅಂತ ಎಳೆದುಕೊಂಡು ಬಂದಿದ್ದರು.

“ಯಾರ್ರೀ ಇವರೆಲ್ಲಾ?” ಎಂದರು ಡಾಕ್ಟರಮ್ಮ.

“ನಮ್ಮ ಬೀದಿಯವರು” ಎಂದರು ಕ್ಯಾಷಿಯರ್ ಸಾಹೇಬರು, ಏನೋ ಮಾಮೂಲಿ ಎಂಬಂತೆ. “ಬೇಡ ಅಂದ್ರೂ ಕೇಳಲ್ಲ.”

ಹದ್ದು ಕನ್ನಡಕ ಸರಿಮಾಡಿಕೊಂಡು ಆ ಗುಂಪನ್ನು ನೋಡಿದರು. ಅವರ ಕಡೆಯಿಂದ ಹೆಂಡತಿಯೂ ಬಂದಿರಲಿಲ್ಲ.

ಗುಂಪು ಆಗಲೇ ಕಣ್ಣೊರೆಸಿಕೊಳ್ಳುತ್ತಿತ್ತು. “ನೋಡಿ, ಎಷ್ಟು ಜೋರಾಗಿಬಿಟ್ಟಿದೆ! ಮೊನ್ನೆ ಈ ಕುಂಟು ಇರಲಿಲ್ಲ” ಎಂದರು ಮಾಲೀಕರು. “ಕೈಗೆ ಕೋಲು ಕೊಟ್ಟು ನಡೆಸ್ತಿದಾರೆ. ಹೊಸ ಥರದ ಚಿಕಿತ್ಸೆ” ಎಂದು ಟೀಚರಮ್ಮ ವಿವರಿಸಿದರು. ಸಾಹೇಬರು ಕೋಲು ಎತ್ತಿದರು. ಸೊಂಟ ಚುಳುಕ್ಕೆಂದು ಮುಖ ಕಿವುಚಿಕೊಂಡರು. ಕೋಲು ಚೆಂಡಿಗೆ ತಾಗಿಯೂ ತಾಗದಂತಾಗಿ, ಚೆಂಡು ಸೋಮಾರಿ ಕಪ್ಪೆಯಂತೆ ನಾಲ್ಕು ಮಾರು ಕುಪ್ಪಳಿಸಿ ಕೂತಿತು.

ಬೀದಿ ಒಟ್ಟಾಗಿ ಚಪ್ಪಾಳೆ ಹೊಡೆಯಿತು. “ಕೈ ಎತ್ತಿದ್ರು! ಭುಜದ ಮೇಲಕ್ಕೆ ಎತ್ತಿದ್ರು!” ಎಂದು ಮ್ಯಾನೇಜರು ಕುಣಿದರು. ಭಾವ ಶಿಳ್ಳೆ ಹಾಕಿದರು.

ರೆಫರಿ ಓಡಿಬಂದರು. “ಸದ್ದು ಮಾಡಬೇಡಿ ದಯವಿಟ್ಟು! ಆಟಗಾರರಿಗೆ ತೊಂದರೆಯಾಗುತ್ತೆ.”

“ಸ್ವಾಮಿ, ಅವರ ಸ್ಥಿತಿ ನಿಮಗೆ ಗೊತ್ತಿಲ್ಲ” ಎಂದರು ಮ್ಯಾನೇಜರು.

“ಗೊತ್ತು ಬಿಡಿ. ಹ್ಯಾಂಡಿಕ್ಯಾಪ್ ಮೂವತ್ತಾರು.”

“ಗೊತ್ತಿದ್ದೂ ಆಡಿಸ್ತಿದೀರಾ? ಮನುಷ್ಯತ್ವ ಇದೆಯೇನ್ರೀ ನಿಮಗೆ?”

ರೆಫರಿಗೆ ಸಿಟ್ಟು ಬಂತು. “ಅದರಲ್ಲೇನಿದೆ? ನನಗೂ ಇದೆ, ಹನ್ನೊಂದು. ಇಲ್ಲಿ ಆಡ್ತಿರೋ ಎಲ್ಲರಿಗೂ ಇದೆ!”

ಬೀದಿ ಎರಡು ಹೆಜ್ಜೆ ಹಿಂದೆ ಸರಿಯಿತು. “ಎಲ್ಲರಿಗೂ ಇದೆಯಂತೆ!” ಎಂದು ಟೀಚರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಹಾಗಾದ್ರೆ ಇದು ಹರಡುತ್ತೆ!”

“ಒಬ್ಬರ ಜೊತೆ ಒಬ್ಬರು ಸೇರಿದ್ರೆ ಹತ್ತೇ ಹತ್ತುತ್ತೆ” ಎಂದ ರೆಫರಿ ಸ್ವಲ್ಪ ತಣ್ಣಗಾಗಿ ನಕ್ಕರು. “ನನಗೆ ನನ್ನ ತಂದೆಯಿಂದ ಬಂತು.”

ಅಲ್ಲಿಂದ ಮುಂದೆ ಬೀದಿ ಚಪ್ಪಾಳೆಯನ್ನು ಸ್ವಲ್ಪ ದೂರದಿಂದ ಹೊಡೆಯಿತು, ಆದರೆ ಬಿಡಲಿಲ್ಲ. ಚೆಂಡು ಬೀಳಬೇಕಾದ ಒಂದೊಂದು ಕುಳಿಗೂ ಬೆನ್ನು ಹತ್ತಿ ಬಂತು. ಕ್ಯಾಷಿಯರ್ ಸಾಹೇಬರು ಚೆಂಡನ್ನು ಪೊದೆಗೆ ಹೊಡೆದರೂ ಜಯಕಾರ, ಮರಕ್ಕೆ ಹೊಡೆದರೂ ಜಯಕಾರ. ಬೇರೆ ಆಟಗಾರರು ತಮ್ಮ ಆಟ ಬಿಟ್ಟು, ಯಾರೋ ದೊಡ್ಡ ಮನುಷ್ಯ ಬಂದಿದಾನೆ ಅಂತ ನೋಡಲು ನಿಂತರು. ಸಾಹೇಬರು ಸೊಂಟದ ನೋವಿನ ನಡುವೆಯೂ ಕೈ ಬೀಸುತ್ತಾ, ತಲೆ ಬಾಗಿಸುತ್ತಾ ಸಾಗಿದರು. ಇಷ್ಟು ಸಾರ್ಥಕವಾಗಿ ಯಾರೂ ಇಷ್ಟು ಕೆಟ್ಟದಾಗಿ ಆಡಿರಲಿಕ್ಕಿಲ್ಲ.

ಕೊನೆಯ ಕುಳಿ ಕೊಳದಾಚೆ. ಸಾಹೇಬರು ಚೆಂಡಿನ ಮುಂದೆ ನಿಂತರು. ಆಗ ಮನೆ ಮಾಲೀಕರೂ ಭಾವನೂ ವ್ಯಾನಿನಿಂದ ತಂದ ಬ್ಯಾನರಿನ ಒಂದೊಂದು ತುದಿ ಹಿಡಿದು ಬಿಡಿಸಿದರು:

‘ನಮ್ಮ ಕ್ಯಾಷಿಯರ್ ಬೇಗ ಗುಣವಾಗಲಿ! ಮತ್ತೆ ಎಲ್ಲರಂತೆ ನಡೆಯಲಿ!’

ಸಾಹೇಬರು ಓದಿದರು. ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಯಾವ ಕ್ಯಾಷಿಯರ್?” ಎಂದರು.

“ಇನ್ನು ಮುಚ್ಚಿಡಬೇಡಪ್ಪಾ” ಎಂದು ಅಕ್ಕ ಗೊಳೋ ಎಂದರು. “ನೂರಕ್ಕೆ ಮೂವತ್ತಾರು ಭಾಗ ಹೋಗಿದೆ ಅಂತ ನಮಗೆಲ್ಲಾ ಗೊತ್ತು!” ಟೀಚರಮ್ಮ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದನ್ನು ಮುಂದೆ ಹಿಡಿದರು, ಅದು ಬೀದಿಯೂ ಕಚೇರಿಯೂ ಸೇರಿ ಹಾಕಿದ ದುಡ್ಡಿನಿಂದ ಬಾಯಿತನಕ ತುಂಬಿತ್ತು. “ನಿಮ್ಮ ಬಸ್ಸಿಗೆ” ಎಂದರು.

“ನನಗ್ಯಾಕೆ ಟೀಚರಮ್ಮ ಬಸ್ಸು?”

“ನಾವೂ ಅದನ್ನೇ ಯೋಚನೆ ಮಾಡಿದ್ವಿ, ಒಬ್ಬರಿಗೆ ಒಂದು ಆಟೋ ಸಾಲದಾ ಅಂತ. ಆದ್ರೆ ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ ಸುಮ್ಮನಾದ್ವಿ.”

ಡಾಕ್ಟರಮ್ಮನಿಗೆ ಮೊದಲು ಅರ್ಥವಾಯಿತು. ತಮ್ಮ ಗಂಟಲನ್ನು ಪೂರ್ತಿ ಬಿಟ್ಟು, ರೋಗವಲ್ಲ, ರಿಯಾಯಿತಿ ಅಂತ ಎಲ್ಲ ಬಿಡಿಸಿ ಹೇಳಿದರು. ಕೊಳದಾಚೆಯವರಿಗೂ ಕೇಳಿಸಿತು. ಬ್ಯಾನರಿನ ಒಂದು ತುದಿ ಮೆಲ್ಲಗೆ ನೆಲಕ್ಕೆ ಬಿತ್ತು.

“ಅಂದ್ರೆ ನಿನಗೆ ಏನೂ ಆಗಿಲ್ವೇನಯ್ಯಾ?” ಎಂದರು ಭಾವ.

“ಇಲ್ಲ ಭಾವ. ಸೊಂಟ ಹಿಡ್ಕೊಂಡಿದೆ. ನಿನ್ನೆಯಿಂದ.”

“ಮತ್ತೆ ಆ ಮೂವತ್ತಾರು?”

“ಅಷ್ಟು ಕೆಟ್ಟದಾಗಿ ಆಡ್ತೀನಿ ಅಂತ.”

ಹೇಳುತ್ತಾ ಹೇಳುತ್ತಾ ಅವರಿಗೆ ಒಂದೊಂದೇ ಹೊಳೆಯಿತು. ಬಸ್ಸಿನಲ್ಲಿ ಎದ್ದವರು, ಮ್ಯಾನೇಜರ ಕನ್ನಡಕ, ಮೆಟ್ಟಿಲ ಕಂಬಿ, ಭಾವನ ಮೆತ್ತನೆಯ ದನಿ. ಯಾವುದೂ ಆಟಗಾರನಿಗೆ ಸಂದದ್ದಲ್ಲ. ಅವರ ಮುಖ ಸಣ್ಣದಾಯಿತು. ಹೆಂಡತಿ ಮೊದಲ ಬಾರಿಗೆ “ಹೂಂ” ಅನ್ನದೆ, ಹತ್ತಿರ ಬಂದು ನಿಂತರು.

ಮನೆ ಮಾಲೀಕರು ಕೆಮ್ಮಿದರು. “ಹಾಗಾದ್ರೆ… ಡಬ್ಬೀಲಿರೋದನ್ನ ಅವರವರಿಗೆ ವಾಪಸ್ ಕೊಡೋದು ನ್ಯಾಯ. ರೋಗವೇ ಇಲ್ಲ ಅಂದಮೇಲೆ…” ಅವರ ಕೈ ಡಬ್ಬಿಯ ಕಡೆ ಹೋಯಿತು.

ಕ್ಯಾಷಿಯರ್ ಸಾಹೇಬರು ಆ ಕೈಯನ್ನು ನೋಡಿದರು. ಎರಡನೇ ಮೆಟ್ಟಿಲಿನಲ್ಲಿ ನಡುಗಿದ ತಮ್ಮ ಕೈ ನೆನಪಾಗಿರಬೇಕು. ಡಬ್ಬಿಯನ್ನು ಟೀಚರಮ್ಮನಿಂದ ಇಸಿದುಕೊಂಡು ಕಂಕುಳಿಗೆ ಸೇರಿಸಿದರು. ಕಿಂಡಿಯಾಚೆಗೆ ಎಂದೂ ಹೊರಡದಿದ್ದ ದನಿಯೊಂದು ಹೊರಟಿತು.

“ನೋಡಿ ಸಾರ್. ಈ ದುಡ್ಡು ಯಾರಿಗೆ ಅಂತ ತಂದ್ರಿ?”

“ನಿಮಗೆ.”

“ನನ್ನ ಕೈಗೆ ಬಂತಾ?”

“ಬಂತು. ಆದ್ರೆ…”

“ಕಟ್ಟಿಸ್ಕೊಂಡ ಮೇಲೆ ವಾಪಸ್ ಕೊಡೋ ಕೌಂಟರು ನಮ್ಮಲ್ಲಿಲ್ಲ. ಈಗ ಇದು ನನ್ನ ದುಡ್ಡು. ನನ್ನ ದುಡ್ಡನ್ನ ನಾನು ಬಸ್ಸಿಗೆ ಕೊಡ್ತಿದೀನಿ. ನಡೆಯೋಕಾಗದ ಆ ಶಾಲೆ ಮಕ್ಕಳನ್ನ ದಿನಾ ಎತ್ತಿ ಬಸ್ಸು ಹತ್ತಿಸ್ತಾರೆ, ನಾನು ಒಬ್ಬಳನ್ನ ಎತ್ತಿದ್ದಕ್ಕೆ ಹೀಗಾಗಿದೀನಿ. ನಾನು ಕೆಟ್ಟ ಆಟಗಾರ, ಒಪ್ಪಿದೆ. ನಿಮಗೆ ಬೇಜಾರಾಗಿದ್ರೆ ಇನ್ಮೇಲೆ ಬಸ್ಸಲ್ಲಿ ನನಗೆ ಜಾಗ ಬಿಡಬೇಡಿ. ಡಬ್ಬಿ ಮಾತ್ರ ಕೇಳಬೇಡಿ.”

ಮಾಲೀಕರು ಕೈ ಹಿಂದಕ್ಕೆ ಎಳೆದುಕೊಂಡರು. ಭಾವ ಭಾಮೈದನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಹೊಸದಾಗಿ ಪರಿಚಯವಾದವರನ್ನು ನೋಡುವ ಹಾಗೆ. ತಮ್ಮ ಜೇಬಿಗೆ ಕೈ ಹಾಕಿ, ಇದ್ದುದನ್ನೆಲ್ಲ ತೆಗೆದು ಡಬ್ಬಿಗೆ ತುರುಕಿದರು. ಹಿಡಿಸಲಿಲ್ಲ. ಮುಷ್ಟಿಯಿಂದ ಅದುಮಿದರು. ಮ್ಯಾನೇಜರು ಹಿಂದೆಯೇ ಬಂದರು. ಮಾಲೀಕರೂ, ಎರಡು ಸಲ ಯೋಚಿಸಿ, ಬಂದರು.

“ಈಗ ಹೊಡಿ” ಎಂದರು ಭಾವ. “ನಿನಗೆ ಏನೂ ಇಲ್ಲ ಅಂತ ಗೊತ್ತಾಯ್ತಲ್ಲ, ಈಗ ನೋಡೋಣ.”

ಹೊಡೆದರು. ಚೆಂಡು ಅವರ ಜೀವಮಾನದಲ್ಲಿ ಮೊದಲ ಬಾರಿಗೆ ನೇರವಾಗಿ ಹೋಯಿತು. ನೇರವಾಗಿ ಹೋಗಿ ಕೊಳದ ನಟ್ಟನಡುವೆ ಬಿತ್ತು. ಈಗ ಕನಿಕರವಿಲ್ಲ, ಇನ್ನು ಚಪ್ಪಾಳೆಗೆ ಕಾರಣವೇನು? ಆದರೆ ಕೈಗಳಿಗೆ ಬೆಳಗಿನಿಂದ ಅಭ್ಯಾಸವಾಗಿತ್ತು, ಅವು ತಾವಾಗಿಯೇ ಸೇರಿದವು. ಈ ಸಲದ ಸದ್ದಿಗೆ ರೆಫರಿ ಓಡಿಬರಲಿಲ್ಲ, ಅವರೂ ಹೊಡೆಯುತ್ತಿದ್ದರು.

ಸಂಜೆ ವೇದಿಕೆಯ ಮೇಲೆ ಫಲಿತಾಂಶ ಓದಿದರು. ಗೆದ್ದವರಿಗೆ ಬಹುಮಾನದ ಕಪ್ಪುಗಳನ್ನು ಹಂಚಿದ ಮೇಲೆ ಶಾಲೆಯ ಹೆಡ್‌ಮಿಸ್ ಮೈಕಿನ ಮುಂದೆ ಬಂದು, ಬಸ್ಸಿಗೆ ಎಲ್ಲರಿಗಿಂತ ಹೆಚ್ಚು ದೇಣಿಗೆ ಬಂದದ್ದು ‘ನೇರ ಹೊಡೆತ’ ಅನ್ನುವವರ ಕಡೆಯಿಂದ ಎಂದರು. ಹದ್ದೂ ಮರಳುಗುಂಡಿಯೂ ತಮ್ಮ ಗೆಳೆಯನನ್ನು ಎರಡೂ ಪಕ್ಕದಿಂದ ಹಿಡಿದು, ಸೊಂಟ ನೋಯಿಸದೆ ಮೆಟ್ಟಿಲು ಹತ್ತಿಸಿದರು. ಕ್ಯಾಷಿಯರ್ ಸಾಹೇಬರು ವೇದಿಕೆಯ ಮೇಲೆ ನಿಂತು ಏನೋ ಹೇಳಲು ಹೋಗಿ, ಮೈಕಿಗೇ ತಲೆ ಬಾಗಿಸಿ ಇಳಿದರು.

ಕೆಳಗೆ ಭಾವ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಸೂಟು ಹಾಕಿದ ಅಪರಿಚಿತರೊಬ್ಬರು ಮಾತಿಗೆಳೆದರು.

“ನಮ್ಮ ಹುಡುಗ ಇವತ್ತು ಮೊದಲನೇ ಸ್ಥಾನ. ನಿಮ್ಮ ಕಡೆಯವರೂ ಆಡಿದ್ರಾ?”

“ಹೌದು. ನನ್ನ ಭಾಮೈದ.”

“ಎಷ್ಟನೆಯವರು?”

ಭಾವ ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡರು. ಮುಂದಿನ ಮೂರು ಸಾಲಿನವರು ತಿರುಗಿ ನೋಡುವಂತೆ ಹೇಳಿದರು:

“ಕೊನೆಯವನು!”